ಪ್ರಾಣಿ ಇನ್ಸ್‌ಪೆಕ್ಟರನ ಮೊದಲ ಪ್ರಶ್ನೆ

ಮನೆಗೆ ಮೂರೇ ಬೆಕ್ಕು ಎಂಬ ನಗರಸಭೆಯ ಕಾನೂನು ಜಾರಿ ಮಾಡುವ ಇನ್ಸ್‌ಪೆಕ್ಟರ್ ಬೀದಿಗೆ ಕಾಲಿಟ್ಟರೆ, ಬೆಕ್ಕುಗಳಿಗಿಂತ ಮೊದಲು ಸಾಕಿದವರೇ ಮಂಚದಡಿ ಸೇರುತ್ತಾರೆ. ಆತ ಕಾನೂನು ಓದುವುದಿಲ್ಲ, ಮೂಗಿಗೆ ಟವೆಲ್ ಕಟ್ಟಿಕೊಂಡು, ಮನೆ ತುಂಬ ಬೆಕ್ಕು ಗುಡ್ಡೆ ಹಾಕಿಕೊಂಡ ಅಜ್ಜಿಯನ್ನು ಕೇಳುವುದು ಒಂದೇ: “ಇಷ್ಟರಲ್ಲಿ ನಿಮ್ಮ ಮುದ್ದು ಯಾವುದಜ್ಜಿ?” ತೋರಿಸಿದ್ದನ್ನೇ ಮೊದಲು ಬೋನಿಗೆ ಹಾಕುತ್ತಾನೆ. ಇಂಥ ಅಜ್ಜಿಯರು ಸಾಯಲು ಬಿದ್ದ ಬೆಕ್ಕನ್ನೇ ವೈದ್ಯರಿಗೆ ತೋರಿಸದೆ ಮಡಿಲಲ್ಲಿಟ್ಟು ಮುದ್ದಿಸುತ್ತಾರೆಂದು ಅವನಿಗೆ ಗೊತ್ತು. “ನಿನ್ನ ಕೈಗೆ ಹುಳ ಬೀಳ್ಲಿ!” ಎಂದು ಅಜ್ಜಿ ಶಪಿಸಿದರೆ, “ಬೀಳ್ಲಿ ಬಿಡಿ, ಇದರ ಗಾಯಕ್ಕೆ ಆಗ್ಲೇ ಬಿದ್ದಿದೆ” ಎಂದು ಬೋನನ್ನು ಪ್ರಾಣಿ ಆಸ್ಪತ್ರೆಗೆ ಒಯ್ಯುತ್ತಾನೆ. ಮರುದಿನ ರಜೆಯಿದ್ದರೂ ಬಂದು ಮುಚ್ಚಿದ ಬಾಗಿಲಿಗೇ ವರದಿ ಒಪ್ಪಿಸುತ್ತಾನೆ: “ಹಾಲು ಕುಡೀತಜ್ಜಿ.” ಒಳಗಿನ ಬೈಗುಳ ಮುಗಿಯುವವರೆಗೆ ಕದಲುವುದಿಲ್ಲ. ಕೊನೆಗೆ ಬಾಗಿಲು ಬೆರಳಷ್ಟು ತೆರೆಯುತ್ತದೆ: “ಬೆಚ್ಚಗೆ ಮಾಡಿ ಕೊಟ್ಯೇನೋ, ಪಾಪಿ?”