ಕೆರೆಯಿಂದ ಬಂದವಳ ಹೆಸರು

ಬಾಗಿಲ ಪಕ್ಕದ ಹೆಸರಿನ ಹಲಗೆಗೆ ಬಣ್ಣ ಹೊಡೆಯಲು ಒಬ್ಬ ಬೆಳಗ್ಗೆಯಿಂದ ಬಂದು ಕೂತಿದ್ದಾನೆ. ಟರ್ಪೆಂಟೈನ್ ವಾಸನೆ ನಡುಮನೆಯವರೆಗೂ ನುಗ್ಗಿದೆ. ಹಳೆಯ ಅಕ್ಷರಗಳನ್ನು ಉಜ್ಜಿ ತೆಗೆದ ಮೇಲೆ ಅವನು, "ಎಚ್ ಅಂದ್ರೆ ಹುಣ್ಸೂರಾ ಸಾ?" ಎಂದು ಕೇಳಿದ. ಹೂಂ ಅಂದುಬಿಟ್ಟೆ.

ನನ್ನ ಜಾಗದಲ್ಲಿದ್ದರೆ ನೀವೂ ಹೂಂ ಅನ್ನುತ್ತಿದ್ದಿರಿ. ಈ ಒಂದಕ್ಷರದ ಪುರಾಣವನ್ನು ಬ್ಯಾಂಕಿನವರಿಗೆ, ಗ್ಯಾಸಿನವರಿಗೆ, ಪಿಂಚಣಿಯವರಿಗೆ ಹೇಳಿ ಹೇಳಿ ನನ್ನ ಬಾಯಿ ಸೋತಿದೆ. ಸರ್‌ನೇಮ್ ಏನು ಅನ್ನುತ್ತಾರೆ. ನಮ್ಮ ಕಡೆ ಅಂಥದ್ದಿಲ್ಲ, ಮೊದಲಕ್ಷರ ಊರಿನದು, ಎರಡನೆಯದು ಅಪ್ಪನದು ಅಂದರೆ, ಸರಿ, ಯಾವ ಊರು ಅನ್ನುತ್ತಾರೆ. ಆ ಊರು ಈಗ ಇಲ್ಲ ಅಂದರೆ ಕನ್ನಡಕದ ಮೇಲಿಂದ ನೋಡುತ್ತಾರೆ. ಹುಣಸೂರು ಅಂದುಬಿಟ್ಟರೆ ಇಷ್ಟೂ ತಾಪತ್ರಯ ತಪ್ಪುತ್ತದೆ. ಹೇಗೂ ಇಲ್ಲೇ ಇದ್ದೇನೆ, ಮನೆ ಇಲ್ಲೇ ಕಟ್ಟಿದ್ದೇನೆ.

ಹೂಂ ಅಂದು ಒಳಗೆ ಬಂದು ಕೂತವನಿಗೆ ಆ ಹಾಲೆಂಡಿನ ಹೆಂಗಸು ನೆನಪಾದಳು.

ತೊಂಬತ್ತರ ದಶಕದ ಮಾತು. ನಾನಾಗ ಇಲ್ಲಿನ ಹೈಸ್ಕೂಲೊಂದರಲ್ಲಿ ಇಂಗ್ಲಿಷ್ ಮೇಷ್ಟರು. ಕಬಿನಿ ಅಣೆಕಟ್ಟಿನ ನೀರಿನಲ್ಲಿ ಊರು ಕಳೆದುಕೊಂಡವರು ಹೇಗೆ ಬಾಳುತ್ತಿದ್ದಾರೆಂದು ಬರೆದುಕೊಳ್ಳಲು ಅವಳು ಬಂದಿದ್ದಳು. ಅವಳ ಮಾತು ಇವರಿಗೆ, ಇವರ ಮಾತು ಅವಳಿಗೆ ತಲುಪಿಸಲು ಒಬ್ಬ ಬೇಕಿತ್ತು. ಇಂಗ್ಲಿಷ್ ಬಲ್ಲವನು, ಅದರ ಮೇಲೆ ಮುಳುಗಿದ ಹೊಂಗೆಕೊಪ್ಪಲಿನವನೇ ಎಂದು ನನ್ನನ್ನು ಹಿಡಿದು ಹಾಕಿದರು. ವಾರವಿಡೀ ಭೂತಕಾಲ ಕಲಿಸಿ ಸುಸ್ತಾದವನಿಗೆ ಭಾನುವಾರವೂ ಭೂತಕಾಲವೇ. ಎಚ್.ಡಿ. ಕೋಟೆ ಹತ್ತಿರದ ಹ್ಯಾಂಡ್‌ಪೋಸ್ಟ್ ಎಂಬಲ್ಲಿ ಬಸ್ಸಿಳಿದು, ಟೀ ಕುಡಿದು, ಅವಳ ಜೀಪು ಹತ್ತಿ ಸರ್ಕಾರ ನಮ್ಮೂರವರಿಗೆ ಕಟ್ಟಿಕೊಟ್ಟ ಕಾಲೊನಿಗೆ ಹೋಗುತ್ತಿದ್ದೆ.

ಅವಳ ಹೆಸರಿನ ಕೊನೆಗೆ ವಾನ್ ಡೆರ್ ಮೇರ್ ಅಂತಿತ್ತು. ನಾನು ಇಂಗ್ಲಿಷ್ ಪಂಡಿತನಲ್ಲವೇ, ಕೊನೆಯ ಪದ ಹಿಡಿದು ಮಿಸ್ ಮೇರ್ ಅಂದೆ. ಅವಳು ತಿದ್ದಿದಳು. ಮೂರೂ ಸೇರಿ ಒಂದು ಹೆಸರಂತೆ, ಕೆರೆಯಿಂದ ಬಂದವರು ಎಂದು ಅರ್ಥವಂತೆ. ಬರೀ ಮೇರ್ ಅಂದರೆ ಅವಳನ್ನು ಕೆರೆಯೇ ಎಂದು ಕರೆದ ಹಾಗೆ. ಅವಳ ದೇಶದ ಫೋನ್ ಪುಸ್ತಕದಲ್ಲಿ ಅವಳ ಹೆಸರನ್ನು ಎಂ ಅಕ್ಷರದಡಿ ಹುಡುಕಬೇಕು, ಇಂಗ್ಲಿಷಿನವರಲ್ಲಿ ಬಹಳ ಕಡೆ ವಿ ಅಕ್ಷರದಡಿ. ಮುಂದಿನ ವಾರ ಜೀಪಿನ ಡ್ರೈವರ್ ಮಿಸ್ ಮೇರ್ ಅಂದ. ಅವನನ್ನೂ ತಿದ್ದಿದಳು. ಕೋಪವಿಲ್ಲ, ನಗುವಿಲ್ಲ, ದಿನಾ ಹಲ್ಲುಜ್ಜಿದ ಹಾಗೆ.

ಹೀಗೆ ಹೆಸರಿನ ವಿಷಯದಲ್ಲಿ ಅಷ್ಟು ಬಿಗಿಯಿದ್ದವಳು ನಮ್ಮ ಹೆಸರುಗಳಲ್ಲೇ ಎಡವಿದಳು. ಕಾಲೊನಿಯಲ್ಲಿ ಯಾರನ್ನು ಕೇಳಿದರೂ ಮೊದಲಕ್ಷರ ಎಚ್. ಇಡೀ ಕಾಲೊನಿ ಒಂದೇ ವಂಶ ಎಂದು ತಿಳಿದು, ಇಷ್ಟು ದೊಡ್ಡ ಕುಟುಂಬವನ್ನು ತಾನು ಕಂಡೇ ಇಲ್ಲ ಎಂದಳು. ನನ್ನ ದೊಡ್ಡಪ್ಪನ ಜಗಲಿಯ ಮೇಲೆ ಕೂತಿದ್ದೆವು. ನಾನು ನಗುತ್ತ ಅದನ್ನು ದೊಡ್ಡಪ್ಪನಿಗೆ ಹೇಳಿದೆ. ಅವನು ನಗಲಿಲ್ಲ.

"ಅಂಗೇ ಬರ್ಕೊಳ್ಲಿ ಬುಡು," ಅಂದ. "ಊರಿದ್ದಾಗ ಮೇಗಲ ಬೀದಿ, ಕೆಳಗಲ ಬೀದಿ ಅಂತ ಒಬ್ರ ಮನೆ ನೀರು ಒಬ್ರು ಮುಟ್ನಿಲ್ಲ. ಮುಳುಗುದ್ ಮ್ಯಾಲಾದ್ರೂ ಒಂದೇ ಮನೆಯೋರಾದ್ವಲ್ಲ."

ದೊಡ್ಡಪ್ಪನಿಗೆ ನಗು ಬರದಿರಲು ಬೇರೆ ಕಾರಣವೂ ಇತ್ತು. ಮೊಮ್ಮಗಳನ್ನು ಆ ವರ್ಷ ಒಂದನೇ ಕ್ಲಾಸಿಗೆ ಸೇರಿಸಬೇಕಾಗಿತ್ತು. ಅವನ ಮಗ ಶಿವಣ್ಣ, ಇಲ್ಲದ ಊರಿನ ಹೆಸರು ಮಗುವಿಗೆ ಯಾಕೆ, ಅಪ್ಪನ ಅಕ್ಷರ ಒಂದೇ ಸಾಕು ಎಂದು ಹಟ ಹಿಡಿದಿದ್ದ. ಅವನ ಮಾತಿನಲ್ಲಿ ತಪ್ಪಿರಲಿಲ್ಲ. ಅವನಿಗೂ ನನ್ನ ಹಾಗೆ ಎಲ್ಲರಿಗೂ ಬಿಡಿಸಿ ಹೇಳಿ ಸಾಕಾಗಿತ್ತು. ಆದರೆ ದೊಡ್ಡಪ್ಪನಿಗೆ ಮನೆ, ಹೊಲ, ಕಟ್ಟಿಸಿದ ಬಾವಿ ಎಲ್ಲ ಹೋಗಿ ಉಳಿದದ್ದು ಆ ಒಂದಕ್ಷರ. ಮಗುವಿನ ಹೆಸರಿನಿಂದ ಅದೂ ಹೋದರೆ ಊರು ಎರಡನೇ ಸಲ ಮುಳುಗಿದಂತೆ ಎಂದು ಊಟ ಬಿಟ್ಟು ಕೂತಿದ್ದ.

ಅವತ್ತು ಅವನೇ ಆ ಹೆಂಗಸಿನ ಹೆಸರಿನ ಅರ್ಥ ಕೇಳಿದ. ಹೇಳಿದೆ. ಆ ಕೆರೆ ಎಷ್ಟು ದೊಡ್ಡದು ಎಂದು ಕೇಳಿದ. ಅದು ಈಗ ಇಲ್ಲ ಎಂದಳು ಅವಳು. ಮುತ್ತಜ್ಜಂದಿರ ಕಾಲದಲ್ಲೇ ನೀರನ್ನೆಲ್ಲ ಎತ್ತಿ ಹೊರಗೆ ಹಾಕಿ ತಳದಲ್ಲಿ ಹೊಲ ಮಾಡಿದರಂತೆ, ಈಗ ಅಲ್ಲಿ ಆಲೂಗೆಡ್ಡೆ ಬೆಳೆಯುತ್ತಾರಂತೆ. ದೊಡ್ಡಪ್ಪನ ಕೈಯಲ್ಲಿದ್ದ ಬೀಡಿ ಆರಿಹೋಗಿತ್ತು.

"ಅಲ್ಲಿ ನೀರು ತಗ್ದು ವಲ ಮಾಡುದ್ರು, ಇಲ್ಲಿ ವಲಕ್ಕೆ ನೀರು ತುಂಬುದ್ರು. ಆ ಎಸ್ರು ನಮಗಿರ್ಬೇಕಾಗಿತ್ತು ಕಣಪ್ಪ."

ಆರಿದ ಬೀಡಿ ಮತ್ತೆ ಹಚ್ಚಿಕೊಂಡು, ಎಲ್ಲರನ್ನೂ ತಿದ್ದಿ ತಿದ್ದಿ ಅವಳಿಗೆ ಬೇಜಾರಾಗುವುದಿಲ್ಲವೇ ಕೇಳು ಅಂದ. ಕೇಳಿದೆ. ಬೇಜಾರಾಗುತ್ತದೆ, ತನ್ನ ಅಪ್ಪನಿಗೂ ಆಗುತ್ತಿತ್ತು, ಅವರೂ ತಿದ್ದುತ್ತಿದ್ದರು ಎಂದಳು.

ಮಾರನೆಯ ದಿನ ದೊಡ್ಡಪ್ಪ ಮಗನಿಗೆ ಹೇಳದೆ ಮೊಮ್ಮಗಳ ಕೈ ಹಿಡಿದು ಶಾಲೆಗೆ ಹೋದ. ಎಚ್ ಅಂದರೆ ಎಚ್.ಡಿ. ಕೋಟೆಯೇ ಎಂದರಂತೆ ಅಲ್ಲಿನ ಮೇಷ್ಟರು. ಅಲ್ಲ ಎಂದು, ಒಂಗೆಕೊಪ್ಲು ಎಂದು, ಅವರ ಬಾಯಲ್ಲೂ ಒಂದು ಸಲ ಹೇಳಿಸಿ ಬಂದನಂತೆ. ಶಿವಣ್ಣ ಬಹಳ ದಿನ ಅಪ್ಪನ ಜೊತೆ ಮಾತಾಡಲಿಲ್ಲ.

ದೊಡ್ಡಪ್ಪ ಹೋಗಿ ಎಷ್ಟೋ ಕಾಲವಾಯಿತು. ಹ್ಯಾಂಡ್‌ಪೋಸ್ಟಿನಲ್ಲಿರುವ ಶಿವಣ್ಣನ ಅಂಗಡಿಯ ಬೋರ್ಡಿನ ಮೇಲೆ ಬರೀ ಶಿವಣ್ಣ ಅಂತಿದೆ. ಆ ಮೊಮ್ಮಗಳನ್ನು ಬೆಟ್ಟದಪುರಕ್ಕೆ ಕೊಟ್ಟರು. ಮದುವೆಯಾದ ಮೇಲೆ ಅವಳು ಗಂಡನ ಊರಿನ ಅಕ್ಷರ ಹಾಕಿಕೊಂಡಳು, ಅದರಲ್ಲಿ ಅವಳ ತಪ್ಪೇನಿಲ್ಲ. ಹೀಗೆ ನೋಡುತ್ತ ಬಂದರೆ, ನಮ್ಮ ದಾಯಾದಿಗಳ ಪೈಕಿ ಆ ಅಕ್ಷರ ಬಾಗಿಲಲ್ಲಿ ಉಳಿದಿರುವುದು ನನ್ನ ಮನೆಯಲ್ಲಿ ಮಾತ್ರ. ಅದನ್ನು ನಾನು ಈಗಷ್ಟೇ ಒಂದು ಹೂಂನಲ್ಲಿ ಹುಣಸೂರಿಗೆ ಕೊಟ್ಟು ಬಂದಿದ್ದೆ.

ಎದ್ದು ಹೊರಗೆ ಹೋದೆ. ಅವನು ಸೀಮೆಸುಣ್ಣದಲ್ಲಿ ಎಚ್ ಎಂದು ಗುರುತು ಹಾಕಿ ಕುಂಚ ಅದ್ದುತ್ತಿದ್ದ. ಅದು ಹುಣಸೂರಲ್ಲ, ಹೊಂಗೆಕೊಪ್ಪಲು, ಪೂರ್ತಿ ಬರೆದುಬಿಡು ಅಂದೆ. ಅವನು ಹಲಗೆಯನ್ನು ಅತ್ತಿತ್ತ ನೋಡಿದ.

"ಜಾಗ ಸಾಲಾಕಿಲ್ಲ ಸಾ. ನಿಮ್ಮೆಸ್ರು ಸಣ್ಣದು ಮಾಡ್ಬೇಕಾಯ್ತದೆ."

ಮಾಡು ಅಂದೆ. ಅವನು ಸುಣ್ಣದ ಗುರುತು ಒರೆಸುತ್ತ, ಈ ಊರು ಎಲ್ಲಿ ಬರುತ್ತದೆ, ತಾನು ಕೇಳೇ ಇಲ್ಲವಲ್ಲ ಎಂದ. ನನಗೆ ಸುಸ್ತಾಗಿತ್ತು. ಕುರ್ಚಿ ಎಳೆದುಕೊಂಡು ಅವನ ಪಕ್ಕದಲ್ಲಿ ಕೂತು ಮೊದಲಿನಿಂದ ಹೇಳತೊಡಗಿದೆ.