ಡೇಗೆಯ ಬಾಣಂತನ, ರತ್ನಳ ಕಣ್ಣು

ಇಂಗ್ಲೆಂಡಿಗೆ ಬಂದ ಮೂರನೇ ವಾರ ನಾನು ಕಂಡದ್ದು, ಒಬ್ಬ ಬಾಣಂತಿಯನ್ನು ಊರಿಗೆ ಊರೇ ಇಣುಕಿ ನೋಡುತ್ತಿದ್ದುದನ್ನು. ಲೈಬ್ರರಿಯ ಕಂಪ್ಯೂಟರಿನಲ್ಲಿ ಮೊಟ್ಟೆಗೆ ಕೂತ ಒಂದು ಡೇಗೆ, ಗಿಡುಗದ ಜಾತಿಯ ಬೇಟೆ ಹಕ್ಕಿ. ಸುತ್ತ ಐದಾರು ಜನ ಕಾಫಿ ಲೋಟ ಹಿಡಿದು ನಿಂತಿದ್ದರು. ಊರ ನಡುವಿನ ಚರ್ಚಿನ ಗೋಪುರದ ಮೇಲೆ ಹಕ್ಕಿ ಇದೆಯಂತೆ, ಅದರ ಎದುರಿಗೇ ಕ್ಯಾಮೆರಾ ಇಟ್ಟಿದ್ದಾರಂತೆ, ಪ್ರಪಂಚದ ಯಾವ ಮೂಲೆಯಿಂದಲೂ ನೋಡಬಹುದಂತೆ. ಮಗಳು ಪದ್ಮ ಇದನ್ನು ಹೇಳಿದ್ದೇ ನಾನು ಕಣ್ಣು ಮುಚ್ಚಿಕೊಂಡೆ.

"ಯಾಕಮ್ಮ, ಏನಾಯ್ತು?"

"ದೃಷ್ಟಿ ಆಗತ್ತೆ ಕಣೇ. ಇಷ್ಟು ಜನ ನೋಡಿದ್ರೆ ಆ ಮೊಟ್ಟೆ ಮರಿಯಾಗತ್ತಾ?"

ನಾನು ದಿಬ್ಬೂರಹಳ್ಳಿಯಲ್ಲಿ ನಲವತ್ತು ವರ್ಷ ರೇಷ್ಮೆ ಹುಳ ಸಾಕಿದವಳು. ನಮ್ಮಲ್ಲಿ ಹುಳದ ಮನೆಯೊಳಗೆ ಹೊರಗಿನವರ ಕಾಲಿರಲಿ, ನೆರಳೂ ಬೀಳಬಾರದು. ಬೀಗರು ಬಂದಾಗಲೂ ಬಾಗಿಲಿಗೆ ಅಡ್ಡ ನಿಂತು ಮಾತಾಡಿಸಿ ಕಳಿಸಿದ್ದೇನೆ. ಇಲ್ಲಿ ನೋಡಿದರೆ ಹೆರಿಗೆ ಮನೆಗೇ ಕ್ಯಾಮೆರಾ. ಆದರೂ ಮಾರನೇ ದಿನ ಹನ್ನೊಂದಕ್ಕೆ ಸರಿಯಾಗಿ ಲೈಬ್ರರಿಯಲ್ಲಿದ್ದೆ. ಒಂದು ಕಣ್ಣಿನಿಂದ ಮಾತ್ರ ನೋಡಿದರೆ ಅರ್ಧ ದೃಷ್ಟಿ ತಾನೇ ಎಂದುಕೊಂಡು ಶುರು ಮಾಡಿದೆ. ವಾರದೊಳಗೆ ಎರಡೂ ಕಣ್ಣು ಬಿಟ್ಟಿದ್ದೆ.

ಪದ್ಮ ಇಲ್ಲಿ ಆಸ್ಪತ್ರೆಯಲ್ಲಿ ನರ್ಸು. ಅವಳ ಮನೆ ಅಕ್ಕಪಕ್ಕದ ಮನೆಗಳಿಗೆ ಅಂಟಿಕೊಂಡಿದೆ. ಪಕ್ಕದವರು ಕೆಮ್ಮಿದರೆ ನಮ್ಮ ಅಡುಗೆಮನೆಗೆ ಕೇಳುತ್ತದೆ, ಆದರೆ ಅವರ ಮುಖ ನೋಡಲು ನನಗೆ ಒಂದು ತಿಂಗಳು ಹಿಡಿಯಿತು. ನೀರು ಹಾಕಿ ರಂಗೋಲಿ ಬಿಡಲು ಅಂಗಳವಿಲ್ಲ. ಒಳಗೆಲ್ಲ ನೆಲಕ್ಕೆ ಕಂಬಳಿ ಹೊದಿಸಿದ್ದಾರೆ. ಮೊದಲ ದಿನ ಅದನ್ನು ಸುತ್ತಿ ಎತ್ತಿಟ್ಟು ಗುಡಿಸೋಣ ಎಂದು ಮೂಲೆ ಹಿಡಿದು ಎಳೆದೆ. ಮೊಳೆ ಹೊಡೆದಿದ್ದರು. ರಾಗಿ ಹಿಟ್ಟು ಹುಡುಕಲು ಮೂರು ಬಸ್ಸು ಬದಲಾಯಿಸಿದೆವು. ಸಿಕ್ಕ ದಿನ ಮುದ್ದೆ ಕಟ್ಟಿ, ಅವರೆಕಾಳಿಲ್ಲದ ಸಾರಿನಲ್ಲಿ ಅದ್ದಿ, ಊರು ಗೆದ್ದವಳಂತೆ ಉಂಡೆ.

ಭಾಷೆಯೂ ವಿಚಿತ್ರ. ನಾವು ಎರಡು ವರ್ಷದ ಮಗುವನ್ನೂ "ಬಾಮ್ಮ, ತಿನ್ನಮ್ಮ" ಎನ್ನುತ್ತೇವೆ. ಇಲ್ಲಿಯ ಬಸ್ ಡ್ರೈವರ್ ನನ್ನನ್ನು "ಡಕ್" ಎಂದ. ಹಾಗೆಂದರೆ ಬಾತುಕೋಳಿ. ನನ್ನ ನಡಿಗೆ ನೋಡಿ ಹೇಳಿದ ಎಂದು ಎರಡು ದಿನ ಸಿಟ್ಟು ಮಾಡಿಕೊಂಡಿದ್ದೆ. ಈ ಸೀಮೆಯಲ್ಲಿ ಅದು ಪ್ರೀತಿಯ ಮಾತಂತೆ. ಈಗ ನಾನೂ ಅವನನ್ನು ಡಕ್ ಎನ್ನುತ್ತೇನೆ.

ಡೇಗೆಯ ಮೇಲೆ ನನಗೆ ಮನಸ್ಸು ಬಂದದ್ದಕ್ಕೆ ಕಾರಣವಿದೆ. ಚಿಂತಾಮಣಿ ಕಡೆ ಅಂಬಾಜಿದುರ್ಗದ ಬಂಡೆಯ ಮೇಲೆ ಇಂಥದ್ದೇ ಒಂದು ಕೂರುತ್ತಿತ್ತು. ನನ್ನ ತಂಗಿ ರತ್ನಳನ್ನು ಕೊಟ್ಟಿರುವುದು ಆ ಬೆಟ್ಟದ ಕೆಳಗಿನ ಹಳ್ಳಿಗೆ. ಅವಳ ಕೋಳಿಮರಿಗಳನ್ನು ಅದು ಎತ್ತಿಕೊಂಡು ಹೋದಾಗಲೆಲ್ಲ ಅವಳು ಬೈಯುತ್ತಿದ್ದದ್ದು ತೆಲುಗಿನಲ್ಲಿ. ಇಲ್ಲಿ ಬೆಟ್ಟವಿಲ್ಲ, ಹಕ್ಕಿ ಗೋಪುರ ಹಿಡಿದಿದೆ. ಕಡ್ಡಿ ತಂದು ಗೂಡು ಕಟ್ಟುವುದೂ ಇಲ್ಲ. ಜನ ಇಟ್ಟ ಮರದ ತಟ್ಟೆಯ ಜಲ್ಲಿಕಲ್ಲನ್ನು ಎದೆಯಿಂದ ಒತ್ತಿ ಗುಳಿ ಮಾಡಿಕೊಂಡು ಮೊಟ್ಟೆ ಇಟ್ಟಿದೆ. ಸಿಕ್ಕಿದ ಜಾಗದಲ್ಲಿ ಮೈ ಒತ್ತಿ ಗುಳಿ ಮಾಡಿಕೊಳ್ಳುವುದು ನನಗೂ ಆಗ ಬೇಕಾಗಿದ್ದ ವಿದ್ಯೆ.

ಮೊಟ್ಟೆ ಒಡೆದು ಮೂರು ಬಿಳಿ ಮರಿ ಬಂದ ವಾರದಲ್ಲೇ ರತ್ನಳ ಸೊಸೆ ಮಂಜುಳ ಗುಟ್ಟಾಗಿ ಫೋನು ಮಾಡಿದಳು. ಅವಳು ಚಿಂತಾಮಣಿಯಲ್ಲಿ ಇಂಟರ್‌ನೆಟ್ ಅಂಗಡಿ ನಡೆಸುತ್ತಾಳೆ.

"ದೊಡ್ಡಮ್ಮ, ಅತ್ತೆಗೆ ಎರಡು ಕಣ್ಣಲ್ಲೂ ಪೊರೆ ಬಂದೈತೆ. ಬೇಗ ಆಪರೇಷನ್ ಮಾಡಿಸ್ಬೇಕು ಅಂದ್ರು ಡಾಕ್ಟ್ರು. ಅತ್ತೆ ಕೇಳ್ತಾನೇ ಇಲ್ಲ. ಅಕ್ಕ ಬಂದು ಪಕ್ಕದಲ್ಲಿ ಕೂತ್ಕೊಂಡ್ರೆ ಮಾಡಿಸ್ಕೊಂತೀನಿ ಅಂತಾರೆ. ಮೊನ್ನೆ ಬಿಸಿ ಎಸರಿಗೆ ಕೈ ಇಟ್ಬಿಟ್ರು."

ನಾನು ಊರಿಗೆ ಬರುವುದು ಏನಿದ್ದರೂ ಮುಂದಿನ ವರ್ಷ. ಅಲ್ಲಿಯವರೆಗೆ ಅವಳು ಎಷ್ಟು ಸಲ ಸುಟ್ಟುಕೊಳ್ಳಬೇಕು? ರತ್ನಳಿಗೆ ಫೋನು ಮಾಡಿದರೆ ಅವಳದು ಒಂದೇ ಹಾಡು.

"ನನ್ ಕಣ್ಣಿಗೇನೂ ಆಗಿಲ್ಲಕ್ಕ. ಈ ಸಲಾನೂ ಹುಳ ಸಾಕಿದೀನಿ, ಗೊತ್ತಾ?"

ಸಾಕಿದ್ದು ನಿಜ. ಹುಳ ದೊಡ್ಡದಾದ ಮೇಲೆ ಸೊಪ್ಪು ತಿನ್ನುವ ಸದ್ದು ತುಂತುರು ಮಳೆಯ ಹಾಗೆ ಕೇಳುತ್ತದೆ. ಸದ್ದು ಇಳಿದರೆ ಸೊಪ್ಪು ಹಾಕಬೇಕು. ಕತ್ತಲಲ್ಲೂ ಮಾಡಬಹುದಾದ ಕೆಲಸ ಅದು. ಅವಳು ಕಿವಿಯಿಂದ ಸಂಸಾರ ನಡೆಸುತ್ತಿದ್ದಾಳೆ ಎಂದು ನನಗೆ ಹೊಳೆದದ್ದು, ಮಂಜುಳ ಅವಳನ್ನು ಅಂಗಡಿಗೆ ಕರೆತಂದು ಡೇಗೆಯ ಮುಂದೆ ಕೂರಿಸಿದಾಗ. ನಾನು ಲೈಬ್ರರಿಯಿಂದ ಫೋನಿನಲ್ಲಿ ಕೇಳಿದೆ:

"ಮರಿ ಏನ್ ಮಾಡ್ತಾ ಇದಾವೆ ರತ್ನ?"

"ಥೂ, ಇದ್ರಲ್ಲಿ ಸದ್ದೇ ಬರಲ್ವಲ್ಲಕ್ಕ."

"ಕಣ್ಣು ಚೆನ್ನಾಗಿರೋರಿಗೆ ಸದ್ದು ಯಾಕೆ?"

"ಚೆನ್ನಾಗವೆ. ಆಡ್ತಾ ಅವೆ."

ನನ್ನ ಮುಂದಿನ ಪರದೆಯಲ್ಲಿ ಮೂರೂ ಮರಿ ಒಂದರ ಮೇಲೊಂದು ಬಿದ್ದು ನಿದ್ದೆ ಹೋಗಿದ್ದವು.

ಗೋಪುರದಲ್ಲಿ ಇನ್ನೊಂದು ಕ್ಯಾಮೆರಾ ಇದೆ. ಅದು ಕೆಳಗಿನ ಚೌಕವನ್ನು ತೋರಿಸುತ್ತದೆ. ನಾನು ಪಂಥ ಕಟ್ಟಿದೆ. ಮಂಗಳವಾರ ನಿಮ್ಮ ಮಧ್ಯಾಹ್ನ ಮೂರೂವರೆಗೆ ನಾನು ಆ ಚೌಕದಲ್ಲಿ ನಿಂತಿರುತ್ತೇನೆ. ಹೇಗಿದ್ದೇನೆ ಎಂದು ಸರಿಯಾಗಿ ಹೇಳಿದರೆ ಇನ್ನು ಕಣ್ಣಿನ ಸುದ್ದಿ ಎತ್ತುವುದಿಲ್ಲ. ತಪ್ಪಿದರೆ ಆಪರೇಷನ್. ಮಂಜುಳ ಬಾಯಿ ಬಿಡಕೂಡದು.

"ಆಯ್ತು. ನನ್ನಕ್ಕನ್ನ ನನಗೆ ಗುರುತು ಹಿಡಿಯಕಾಗಲ್ವಾ?" ಎಂದಳು.

ಮಂಗಳವಾರ ಪದ್ಮಳಿಗೆ ಡ್ಯೂಟಿ. ಲೈಬ್ರರಿ ನಮ್ಮ ಬೀದಿಯ ಕೊನೆಯಲ್ಲೇ ಇದೆ, ಆದರೆ ಚೌಕಕ್ಕೆ ದೊಡ್ಡ ರಸ್ತೆ ಎರಡು ದಾಟಬೇಕು. ಒಬ್ಬಳೇ ದಾಟಕೂಡದು ಎಂದು ಪದ್ಮ ಆಣೆ ಹಾಕಿಸಿಕೊಂಡಿದ್ದಳು. ಬಸ್ಸಿನಲ್ಲಿ ಹೋದರೆ ದಾಟಿದ ಹಾಗಲ್ಲವಲ್ಲ. ಹೊರಡುವ ಮುಂಚೆ ಅವಳ ಬೀರು ತೆಗೆದು ಬೇಕಾದದ್ದನ್ನು ಎತ್ತಿಕೊಂಡೆ. ಇಳಿಯುವಾಗ ಒಂದು ಸ್ಟಾಪು ಮುಂದೆ ಹೋಗಿಬಿಟ್ಟಿದ್ದೆ. ಜಡಿಮಳೆಯಲ್ಲಿ ಗೋಪುರವನ್ನೇ ಗುರಿ ಇಟ್ಟುಕೊಂಡು ವಾಪಸು ನಡೆದೆ. ಯಾರನ್ನೂ ದಾರಿ ಕೇಳಲಿಲ್ಲ. ಚೌಕದ ನಡುವೆ ನಿಂತು, ಕೈಯೆತ್ತದೆ, ಎರಡೂ ಕೈ ಸೊಂಟಕ್ಕೆ ಕೊಟ್ಟೆ. ಫೋನು ಕೋಟಿನ ಟೋಪಿಯೊಳಗೆ ಕಿವಿಗೆ ಸಿಕ್ಕಿಸಿಕೊಂಡಿದ್ದೆ.

"ಕಾಣಿಸ್ತಾ ಇದೀನಾ?"

"ಓ, ಚೆನ್ನಾಗಿ. ಹಸಿರು ಸೀರೆ, ನಾನ್ ಕೊಟ್ಟಿದ್ದು. ಕೈ ಬೀಸ್ತಾ ಇದೀಯ."

ಹಿಂದಿನಿಂದ ಮಂಜುಳ ಬಾಯಿಗೆ ಸೆರಗು ತುರುಕಿಕೊಂಡು ನಗುವುದು ಕೇಳುತ್ತಿತ್ತು.

"ರತ್ನ," ಎಂದೆ, "ನಾನು ಪದ್ಮನ ಪ್ಯಾಂಟು ಹಾಕ್ಕೊಂಡಿದೀನಿ ಕಣೇ."

ಅರವತ್ತೆಂಟು ವರ್ಷದ ಅಕ್ಕ ಪ್ಯಾಂಟು ಹಾಕಿಕೊಂಡು ನಡುಬೀದಿಯಲ್ಲಿ ನಿಂತಿದ್ದಾಳೆ. ಕಣ್ಣಿದ್ದವಳಾದರೆ ಅಂಗಡಿ ಹಾರಿಹೋಗುವಂತೆ ಕೂಗಬೇಕಿತ್ತು.

"ನಿಜಾನಾ ಮಂಜು?" ಎಂದು ಅವಳು ಸೊಸೆಯನ್ನು ಸಣ್ಣ ದನಿಯಲ್ಲಿ ಕೇಳಿದಳು. ಆಮೇಲೆ ನನಗೆ, "ಬೆಳ್ಳಗೆ ಹೊಗೆ ಕಾಣತ್ತಕ್ಕ. ಎಲ್ಲಾನೂ ಹೊಗೆ. ನೀನಿಲ್ಲದೆ ಆ ಮೇಜಿನ್ ಮೇಲೆ ಮಲಗಕ್ಕೆ ಭಯ."

ಆಗ ಮೆತ್ತಗಾದರೆ ಕೆಲಸ ಕೆಡುತ್ತದೆ.

"ನಾನಿಲ್ಲಿ ಯಾರ ಕೈನೂ ಹಿಡೀದೆ ಮಳೇಲಿ ನಿಂತಿಲ್ವಾ? ಮಲಕ್ಕೋ ಹೋಗು."

ಅವಳು, "ಆ ಪ್ಯಾಂಟು ವಾಪಸ್ ಕೊಡ್ಬೇಡ. ನಾನು ನೋಡ್ಬೇಕು," ಎಂದಳು.

ಅವಳ ಮೊದಲ ಕಣ್ಣಿನ ಪಟ್ಟಿ ಬಿಚ್ಚುವಷ್ಟರಲ್ಲಿ ಇಲ್ಲಿ ಮರಿಗಳಿಗೆ ಕಂದು ರೆಕ್ಕೆ ಬಂದಿತ್ತು. ಒಂದೊಂದಾಗಿ ಅಂಚಿಗೆ ಬಂದು, ಕೆಳಗೆ ನೋಡಿ, ಹಿಂದೆ ಸರಿದು, ಮತ್ತೆ ಬಂದು, ಹಾರಿದವು. ಕೊನೆಯದು ಎರಡು ದಿನ ಒಂಟಿಯಾಗಿ ಕೂತಿತ್ತು. ಲೈಬ್ರರಿಯಲ್ಲಿ ನಾವೆಲ್ಲ ಅದಕ್ಕೆ ಧೈರ್ಯ ಹೇಳಿದೆವು, ನಾನು ಕನ್ನಡದಲ್ಲಿ.

ಈ ಬರಹವನ್ನು ನಾನು ಚಿಕ್ಕಬಳ್ಳಾಪುರದಲ್ಲಿ ಕೊಂಡು ತಂದ ಫೋನಿನಲ್ಲಿ ಒತ್ತುತ್ತಿದ್ದೇನೆ. ಗುಂಡಿಗಳ ಮೇಲೆ ಕನ್ನಡ ಇದೆ, ಒಂದು ಅಕ್ಷರಕ್ಕೆ ಮೂರು ನಾಲ್ಕು ಸಲ ಒತ್ತಬೇಕು. ತುಂಡು ತುಂಡಾಗಿ ಮಂಜುಳಳಿಗೆ ಕಳಿಸುತ್ತೇನೆ, ಅವಳು ಜೋಡಿಸುತ್ತಾಳೆ. ಇಲ್ಲಿಯ ಬಸ್ಸಿನ ದಾರಿ ನನಗೆ ಈಗ ಬಾಯಿಪಾಠವಾಗಿದೆ. ಬೆಳಿಗ್ಗೆ ಎದ್ದಾಗ ಮಾತ್ರ ಇವತ್ತಿಗೂ ಹುಳಕ್ಕೆ ಸೊಪ್ಪು ಹಾಕಬೇಕೆಂದು ಕಾಲು ನೆಲ ಹುಡುಕುತ್ತದೆ, ಕಂಬಳಿ ಸಿಗುತ್ತದೆ.

ಕಳೆದ ಮಂಗಳವಾರ ಮತ್ತೆ ಚೌಕಕ್ಕೆ ಹೋದೆ. ಈ ಸಲ ಹಸಿರು ಸೀರೆ, ಮೇಲೆ ಪದ್ಮಳ ಕೋಟು. ಗೂಡು ಖಾಲಿ, ರತ್ನ ಕೆಳಗಿನ ಕ್ಯಾಮೆರಾ ನೋಡುತ್ತಿದ್ದಳು. ಹೇಗಿದ್ದೇನೆ ಎಂದು ನಾನು ಕೇಳುವ ಮೊದಲೇ ಅವಳ ದನಿ ಬಂತು.

"ಅಕ್ಕ, ಕೋಟಿನ ಕೆಳಗೆ ಸೆರಗು ಜೋತಾಡ್ತಾ ಐತೆ. ಕೆಸರಾಗತ್ತೆ, ಎತ್ಕೋ."

ನಾನು ಇಂಗ್ಲೆಂಡಿನ ನಡುಬೀದಿಯಲ್ಲಿ ಬಗ್ಗಿ ಸೆರಗು ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡೆ.