ಬಸ್ಸಿನಡಿಯ ಮಣೆ

ನೇಸರಗಿಗೆ ಹೋದಾಗಲೆಲ್ಲ ಹೆಂಚಿನಿಂದ ಇಳಿದ ಮೊದಲ ರೊಟ್ಟಿ ನನ್ನ ತಾಟಿಗೇ ಬೀಳುತ್ತದೆ. ಅದರ ಮೇಲೊಂದು ಬೆಣ್ಣೆಯುಂಡೆ ಕರಗುತ್ತ ಕೂತಿರುತ್ತದೆ. ಹಸಿವಿಲ್ಲವೆಂದರೆ ಕೇಳುವವರಿಲ್ಲ. ನನ್ನ ತಂದೆಯ ತಮ್ಮ, ನಮ್ಮ ಕಾಕಾ, ಎದುರಿಗೆ ಕೂತು ಬಂದ ನೆಂಟರಿಗೆಲ್ಲ ಹೇಳುತ್ತಾರೆ: “ನನ್ನ ಜೀವಾ ಉಳಿಸಿದಾಂವ ಇಂವನ ನೋಡ್ರಿ.” ಬೇರೆಯವರಾಗಿದ್ದರೆ ಇಂಥ ಮಾತಿಗೆ ಹಿಗ್ಗುತ್ತಿದ್ದರೇನೋ. ನನಗೆ ಮಾತ್ರ ದಣಿವಾಗುತ್ತದೆ, ಗೆಳೆಯರೇ. ಅವರನ್ನು ಉಳಿಸಿದವನು ನಾನೇ ಎಂಬ ಖಾತ್ರಿ ನನಗಿಲ್ಲ.

ಕಾಕಾನ ಮಗಳನ್ನು ಸುರೇಬಾನಕ್ಕೆ ಕೊಟ್ಟಿತ್ತು. ಆಕೆ ಚೊಚ್ಚಲ ಬಸುರಿಯಾದಾಗ ಸೀಮಂತದ ಕುಬಸ ಮಾಡಲು ನಾವೆಲ್ಲ ಒಂದು ಬಾಡಿಗೆ ಬಸ್ಸಿನಲ್ಲಿ ಹೊರಟೆವು. ಹೆಂಗಸರ ಮಡಿಲಲ್ಲಿ ಬುತ್ತಿಯ ಗಂಟುಗಳು; ಕೆಳಗಿನ ಡಿಕ್ಕಿಯಲ್ಲಿ ಬಸುರಿಯನ್ನು ಕೂಡಿಸಲಿಕ್ಕೆಂದು ತವರಿನಿಂದ ಒಯ್ಯುತ್ತಿದ್ದ ದಪ್ಪನೆಯ ಬೇವಿನ ಮಣೆ. ಗಾಳಿಚೀಲಗಳ ಮೇಲೆ ನಿಲ್ಲುವ ಮೆತ್ತನೆಯ ಬಸ್ಸುಗಳು ಆಗಿನ್ನೂ ನಮ್ಮ ಕಡೆಗೆ ಹೊಸವು. ಬೈಲಹೊಂಗಲದ ದಾರಿಯ ತಗ್ಗುಗಳೂ ಅದರೊಳಗೆ ತಿಳಿಯಲಿಲ್ಲ. ಸವದತ್ತಿ ದಾಟಿದ ಮೇಲೆ, ಸುಡುವ ಮಧ್ಯಾಹ್ನದಲ್ಲಿ, ಮುಂದಿನ ಎಡಗಾಲಿ ಪಂಕ್ಚರ್ ಆಯಿತು.

ಡ್ರೈವರ್ ಹುಬ್ಬಳ್ಳಿ ಕಡೆಯ ತರುಣ. ಅವನು ಎಂಜಿನ್ ಆರಿಸಿದ ಕೂಡಲೇ ಬಸ್ಸು ಬುಸ್ಸೆಂದು ಉಸಿರು ಬಿಟ್ಟು, ದಣಿದ ಎಮ್ಮೆ ಮಂಡಿಯೂರುವ ಹಾಗೆ ಕೆಳಗಿಳಿಯಿತು. ಜಾಕ್ ಒಳಗೆ ಹೋಗುವಷ್ಟೂ ಜಾಗ ಉಳಿಯಲಿಲ್ಲ. ಎಂಜಿನ್ ಹಚ್ಚಿದ, ಮತ್ತೆ ಎದ್ದಿತು. ಇಷ್ಟರಲ್ಲಿ ಕಾಕಾ ಅಂಗಿಯ ತೋಳು ಮಡಚಿ ಜಾಕನ್ನು ಚಾಸಿಯ ಕೆಳಗೆ ತುರುಕಿಯಾಗಿತ್ತು.

“ತಡೀರಿ ಕಾಕಾರ, ಇದಕ್ಕ ಲಾರಿಗತೆ ಸ್ಪ್ರಿಂಗಿನ ಪಾಟಾ ಇಲ್ಲರಿ, ಗಾಳಿ ಮ್ಯಾಲ ನಿಂತೈತಿ. ಮೊದ್ಲ ಒಂದು ದಪ್ಪ ಕಟ್ಟಿಗಿ ಆಸರಕ್ಕ ಕೊಡೋಣು. ಮಂದೀನೂ ಇಳಸ್ರಿ.”

“ಗಾಳಿ ಮ್ಯಾಲ ನಿಲ್ಲಾಕ ಇದೇನು ಬಸ್ಸೋ, ಗಾಳಿಪಟಾನೋ? ನಿಮ್ಮಪ್ಪ ಸಾಲಿಗಿ ಹೋಗುಮುಂದ ನಾ ಲಾರಿ ಹೊಡೀತಿದ್ದೆ!”

ಗಂಡಸರು ಇಳಿದೆವು. ಹೆಂಗಸರು ಇಳಿಯಲಿಲ್ಲ. ಕಿಟಕಿಯಿಂದ ಅಜ್ಜಿ ಕೂಗಿದಳು: “ಬಸುರಿಗಿ ಒಯ್ಯೋ ಬುತ್ತಿ ನೆಲಾ ಮುಟ್ಟಬಾರದು. ಬಿಸಲಾಗ ಎಷ್ಟೊತ್ತು ಹಿಡಕೊಂಡು ನಿಲ್ಲೂಣು? ನಾವೇನು ಆನಿ ಅದೇವೇನೋ, ಭಾರಾಗಾಕ!”

ಕಾಕಾ ಜಾಕ್ ತಿರುವತೊಡಗಿದರು. ಬಸ್ಸಿನ ಮೈ ಏರಿತು, ಗಾಲಿ ಮಾತ್ರ ನೆಲ ಬಿಡಲಿಲ್ಲ. ಮೇಲೆತ್ತಿದಷ್ಟೂ ನಡುವಿನ ಗಾಳಿಚೀಲ ಹಿಗ್ಗುತ್ತಿತ್ತು, ಅಷ್ಟೇ. ಲಾರಿಯ ಕೆಳಗೆ ಬದುಕು ಸವೆಸಿದ ಕಾಕಾನಿಗೆ ಇದು ಅವಮಾನವೆನಿಸಿರಬೇಕು. ಒಳಗೆ ಏನು ಹಿಡಿದುಕೊಂಡಿದೆಯೋ ನೋಡುತ್ತೇನೆಂದು ಗಾಲಿಗೂ ಮಡ್‌ಗಾರ್ಡಿಗೂ ನಡುವೆ ತೋಳನ್ನು ಹೆಗಲಿನವರೆಗೆ ಇಳಿಸಿ, ತಲೆಯನ್ನೂ ತೂರಿಸಿದರು. ಏನು ನಡೆದಿದೆಯೆಂದು ನೋಡಲು ಹೆಂಗಸರೆಲ್ಲ ಒಮ್ಮೆಗೇ ಆ ಬದಿಯ ಕಿಟಕಿಗೆ ಸರಿದರು. ಜಾಕ್ ವಾಲಿತು. ಬಸ್ಸು ಕುಸಿಯಿತು.

ಕುಸಿದದ್ದು ಪೂರ್ತಿಯಾಗಲಿಲ್ಲ. ಒಂದು ಕಲ್ಲು, ಕಲ್ಲಿನ ಮೇಲೆ ಬೇವಿನ ಮಣೆ. ಅದರ ಮೇಲೆ ಚಾಸಿ ಬಂದು ಕೂತು, ಮಣೆ ಚಟ್ಟೆಂದು ಸೀಳಿ, ಆದರೂ ತಡೆದು ನಿಂತಿತು. ಕಾಕಾ ಹೊರಬಂದರು. ಅಂಗಿ ಹರಿದಿತ್ತು, ಕಿವಿಯ ಬಳಿ ತರಚಿತ್ತು. ಸಂಜೆ ಮಗಳು ಆ ಸೀಳಿದ ಮಣೆಯ ಮೇಲೆಯೇ ಕೂತು ಉಡಿ ತುಂಬಿಸಿಕೊಂಡಳು.

ಮಣೆಯನ್ನು ಅಲ್ಲಿಟ್ಟವರು ಯಾರು? ಡಿಕ್ಕಿಯಿಂದ ಅದನ್ನೆಳೆದು, ಮಂಡಿಯೂರಿ, ಕಲ್ಲಿನ ಮೇಲೆ ತಳ್ಳುತ್ತಿರುವ ನನ್ನನ್ನು ನಾನು ಈಗಲೂ ಸ್ಪಷ್ಟವಾಗಿ ಕಾಣಬಲ್ಲೆ. ಬೆವರಿಗೆ ಬೆನ್ನಿಗಂಟಿದ ಬಿಳಿ ಅಂಗಿಯೂ ಕಾಣುತ್ತದೆ. ತೊಡಕಿರುವುದು ಅಲ್ಲಿಯೇ. ತನ್ನ ಬೆನ್ನನ್ನು ತಾನು ನೋಡಿದವನು ಯಾರಿದ್ದಾನೆ? ಈ ಚಿತ್ರ ನನ್ನ ಕಣ್ಣಿನದಲ್ಲ, ಕಾಕಾನ ಬಾಯಿಯದು. ಕೇಳಿ ಕೇಳಿ ನನ್ನದಾದದ್ದು. ಅಂದು ಬಸ್ಸಿನಲ್ಲಿದ್ದ ಅಣ್ಣನ ಹೆಂಡತಿ, ನಮ್ಮ ವೈನಿಯಂತೂ, ನಾನು ಆಗ ದೂರದ ಜಾಲಿಯ ನೆರಳಲ್ಲಿ ನೀರು ಕುಡಿಯುತ್ತಿದ್ದೆನೆಂದೇ ಹೇಳುತ್ತಾಳೆ. ಎಲ್ಲದಕ್ಕೂ ಪುರಾವೆ ಕೇಳುವುದನ್ನು ವಿಶ್ವವಿದ್ಯಾಲಯ ನನಗೆ ಕಲಿಸಿತು. ನನ್ನ ವಿಷಯಕ್ಕೇ ಪುರಾವೆ ಸಿಗದಿದ್ದಾಗ ಹೇಗೆ ಬಾಳಬೇಕೆಂಬುದನ್ನು ಕಲಿಸಲಿಲ್ಲ. ನೆನಪೂ ಗಾಳಿಯ ಮೇಲೆಯೇ ನಿಂತದ್ದು. ಭಾರ ಹೆಚ್ಚಿದಂತೆ ತಾನೇ ಉಬ್ಬಿಕೊಂಡು ಮನುಷ್ಯನನ್ನು ಸಮಮಟ್ಟದಲ್ಲಿ ಇಡುತ್ತದೆ. ಒಳಗಿನ ಎಂಜಿನ್ ಆರಿದಾಗಲೇ ಎಷ್ಟು ತಗ್ಗಿನಲ್ಲಿದ್ದೇವೆಂದು ತಿಳಿಯುವುದು.

ಹೋದ ಸಲ ಊಟವಾದ ಮೇಲೆ ಕಟ್ಟೆಯ ಮೇಲೆ ಇಬ್ಬರೇ ಇದ್ದಾಗ ಹೇಳಿಯೇಬಿಟ್ಟೆ: “ಕಾಕಾ, ಮಣಿ ಇಟ್ಟಾಂವ ನಾ ಇರಲಿಕ್ಕಿಲ್ಲ. ಆ ಡ್ರೈವರ್ ಇರಬೇಕು.”

ಕಾಕಾ ಎಲೆಯ ತೊಟ್ಟು ಮುರಿದು ಸುಣ್ಣ ಸವರಿದರು.

“ನಾ ಎಲ್ಲಿ ನೋಡೇನಿ? ನನ್ನ ಮಾರಿ ಗಾಲಿ ಕಡೆ ಇತ್ತು. ಹೊರಗ ಬಂದು ತಿರುಗಿದ್ರ ಎದುರಿಗಿ ನೀ ನಿಂತಿದ್ದಿ.”

“ಹಂಗಾರ ಅವಂಗ ಹೇಳಬೇಕಾಗಿತ್ತಲ್ಲ ಈ ಮಾತು?”

“ಅವನ ಹೆಸರೂ ಕೇಳಲಿಲ್ಲಲೋ ತಮ್ಮಾ ನಾವು. ಉಂಡ, ಬಸ್ ತಗೊಂಡು ಹೋಗಿಬಿಟ್ಟ. ಇನ್ನ ಈ ಋಣದ ಭಾರಾ ನಾ ಎಲ್ಲಿ ಒಯ್ದು ಇಳಸ್ಲಿ? ನಾ ಇರೂಮಟಾ ನೀನ ಹೊತ್ಕೋ.”

ಅಷ್ಟರಲ್ಲಿ ಓಣಿಯವರೊಬ್ಬರು ಬಂದು ಕೂತರು. ಎಲೆ ಮಡಚಿಕೊಟ್ಟು ಕಾಕಾ ಕತೆ ಶುರುಮಾಡಿದರು. ಮಣೆಯ ಮಾತು ಬಂದಾಗ ಅವರು ನನ್ನ ಮುಖ ನೋಡಲಿಲ್ಲ. ನಾನೂ ತಿದ್ದಲಿಲ್ಲ.